ಗರ್ಭನಿರೋಧಕ ಆಗಬೇಕಿದ್ದ ಮಾತ್ರೆ ಕ್ಯಾನ್ಸರ್ ಔಷಧಿ ಆದ ಕಥೆ

(ಈ ವಾರದ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದಬಹುದು.)



ಈ ಸಲದ ಕಥೆ ಶುರುವಾಗಿದ್ದು ಒಂದು ಪ್ಲಾಸ್ಟಿಕ್ ಕವರ್‌ನಿಂದ. ನಾನು ಓದಿದ್ದು ಬಿಕಾಂ. ಹಾಗಾಗಿ ನಮ್ಮ ನೆಂಟರಿಷ್ಟರಲ್ಲಿ ಯಾರ ಟ್ಯಾಕ್ಸ್ ರಿಟರ್ನ್ ಇದ್ರೂ ಅದು ನನ್ನ ತಲೆ ಮೇಲೆ. ಹೋದ ವರ್ಷ ಜುಲೈನಲ್ಲಿ ನಮ್ಮ ಚಿಕ್ಕಮ್ಮ ಆಸ್ಪತ್ರೆ ಮತ್ತು ಮೆಡಿಕಲ್ ಶಾಪ್ ಬಿಲ್ಲುಗಳನ್ನೆಲ್ಲಾ ಒಂದು ಕವರ್‌ಗೆ ತುಂಬಿ ಕೊಟ್ರು. ಅವರಿಗೆ 46ನೇ ವಯಸ್ಸಲ್ಲಿ ಸ್ತನ ಕ್ಯಾನ್ಸರ್ ಆಗಿ, ಆಪರೇಷನ್ ಆಗಿ, ಆಮೇಲೆ ದಿನಕ್ಕೊಂದು ಮಾತ್ರೆ ಅಂತ ಬರೆದುಕೊಟ್ಟಿದ್ರು. ಮಾತ್ರೆ ಹೆಸರು ಟ್ಯಾಮಾಕ್ಸಿಫೆನ್. ಐದು ವರ್ಷ ತಗೋಬೇಕು.

ನಾನು ಬಿಲ್ಲುಗಳನ್ನ ತಿಂಗಳ ಪ್ರಕಾರ ಜೋಡಿಸ್ತಾ ಕೂತೆ. ಏಪ್ರಿಲ್ ಇದೆ, ಮೇ ಇದೆ, ಆಗಸ್ಟ್‌ವರೆಗೂ ಇದೆ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಒಂದೂ ಇಲ್ಲ. ಬಿಲ್ಲು ಕಳೆದುಹೋಗಿರಬೇಕು ಅಂದ್ಕೊಂಡು ಫೋನ್ ಮಾಡಿದೆ.

"ಚಿಕ್ಕಮ್ಮ, ಆಗಸ್ಟ್ ಆದ್ಮೇಲೆ ಮಾತ್ರೆ ಬಿಲ್ಲೇ ಇಲ್ವಲ್ಲ?"

"ಬಿಲ್ಲು ಎಲ್ಲಿಂದ ಬರುತ್ತೋ? ಮಾತ್ರೆ ತಗೊಂಡ್ರೆ ತಾನೆ? ನಾನು ಚೆನ್ನಾಗೇ ಇದೀನಲ್ಲ, ಇನ್ಯಾಕೋ ಅದು?"

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಲೆಕ್ಕದಲ್ಲಿ ಏನೋ ತಪ್ಪಿದೆ ಅಂತ ಮಾತ್ರ ಗೊತ್ತಾಯ್ತು. ಆಮೇಲೆ ಓದೋಕೆ ಕೂತೆ. ಒಂದು ಮಾತ್ರೆಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ ಅಂತ ಗೊತ್ತಾಗಿದ್ದು ಹಾಗೆ. ಚಿಕ್ಕಮ್ಮನ ಆ "ಇನ್ಯಾಕೋ" ಪ್ರಶ್ನೆಗೆ ಉತ್ತರ ಕೂಡ ಆ ಕಥೆಯಲ್ಲೇ ಇತ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಇದು ಇತಿಹಾಸ, ಚಿಕಿತ್ಸೆಯ ಸಲಹೆ ಅಲ್ಲ.

ಹಸುವಿನ ಹಾಲು ಮತ್ತು ಗ್ಲಾಸ್ಗೋ ಸರ್ಜನ್

1895. ಸ್ಕಾಟ್ಲೆಂಡ್‌ನ ಗ್ಲಾಸ್ಗೋ. ಜಾರ್ಜ್ ಬೀಟ್ಸನ್ ಅನ್ನೋ ಸರ್ಜನ್ ಮುಂದೆ 33 ವರ್ಷದ ಒಬ್ಬ ಹೆಂಗಸು. ಸ್ತನ ಕ್ಯಾನ್ಸರ್ ಮರುಕಳಿಸಿದೆ, ಕತ್ತರಿಸಿ ತೆಗೆಯೋ ಹಂತ ದಾಟಿದೆ. ಬೀಟ್ಸನ್ ಸ್ತನ ಮುಟ್ಟಲಿಲ್ಲ. ಆಕೆಯ ಅಂಡಾಶಯಗಳನ್ನ ತೆಗೆದ್ರು.

ಕೇಳಿದ್ರೆ ವಿಚಿತ್ರ ಅನ್ಸುತ್ತೆ. ಕಾಯಿಲೆ ಒಂದು ಕಡೆ, ಆಪರೇಷನ್ ಇನ್ನೊಂದು ಕಡೆ. ಆದರೆ ಬೀಟ್ಸನ್ ಎಂಡಿ ಓದುವಾಗ ಬರೆದಿದ್ದು ಹಾಲೂಡಿಕೆ ಬಗ್ಗೆ. ಹಸುವಿನ ಅಂಡಾಶಯ ತೆಗೆದ್ರೆ ಅದು ಹೆಚ್ಚು ಕಾಲ ಹಾಲು ಕೊಡುತ್ತೆ ಅನ್ನೋದು ಕೆಲವು ಕಡೆ ರೈತರಿಗೆ ಗೊತ್ತಿದ್ದ ವಿಷಯ. ಹಾಗಾದ್ರೆ ಅಂಡಾಶಯಕ್ಕೂ ಸ್ತನಕ್ಕೂ ಏನೋ ಸಂಬಂಧ ಇರಬೇಕು ಅಂತ ಬೀಟ್ಸನ್ ಯೋಚನೆ. ಗಮನಿಸಿ, ಆಗಿನ್ನೂ ಹಾರ್ಮೋನ್ ಅನ್ನೋ ಪದವೇ ಹುಟ್ಟಿರಲಿಲ್ಲ. ಅದು ಬಂದಿದ್ದು 1905ರಲ್ಲಿ.

ಕೆಲವೇ ತಿಂಗಳಲ್ಲಿ ಆಕೆಯ ಗೆಡ್ಡೆ ಕರಗಿತು. 1896ರಲ್ಲಿ ಬೀಟ್ಸನ್ ಅದನ್ನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ್ರು. ಆಕೆ ಇನ್ನೂ ಒಂದಿಷ್ಟು ವರ್ಷ ಬದುಕಿದ್ರು, ಆದರೆ ಕಾಯಿಲೆ ಮತ್ತೆ ಬಂತು.

ಬೇರೆ ಸರ್ಜನ್‌ಗಳೂ ಇದನ್ನೇ ಮಾಡಿ ನೋಡಿದ್ರು. 1900ರಲ್ಲಿ ಲಂಡನ್ನಿನ ಸ್ಟಾನ್ಲಿ ಬಾಯ್ಡ್ ಅಷ್ಟೂ ಕೇಸುಗಳನ್ನ ಒಟ್ಟುಹಾಕಿ ಲೆಕ್ಕ ತೆಗೆದ್ರು. ಮೂವರಲ್ಲಿ ಒಬ್ಬರಿಗೆ ಉಪಯೋಗ ಆಗಿತ್ತು. ಉಳಿದಿಬ್ಬರಿಗೆ ಸುಮ್ನೆ ಹೊಟ್ಟೆ ಕೊಯ್ದಿದ್ದಷ್ಟೇ.

ಯಾರು ಆ ಒಬ್ಬರು? ಯಾಕೆ ಅವರಿಗೆ ಮಾತ್ರ? ಮುಂದಿನ ಅರ್ಧ ಶತಮಾನ ಡಾಕ್ಟರ್‌ಗಳ ಹತ್ರ ಇದಕ್ಕೆ ಉತ್ತರ ಇರಲಿಲ್ಲ. ಆಪರೇಷನ್ ಮಾಡಿ ಕಾಯೋದು, ಅಷ್ಟೇ.

ಬೆಟ್ಟದ ಇನ್ನೊಂದು ಬದಿ

ಈಗ ಅಮೆರಿಕಕ್ಕೆ ಬನ್ನಿ. ಎಲ್‌ವುಡ್ ಜೆನ್ಸನ್ ಅನ್ನೋ ರಸಾಯನ ವಿಜ್ಞಾನಿ, ಶಿಕಾಗೋ ವಿಶ್ವವಿದ್ಯಾಲಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದು ವರ್ಷ ಸ್ವಿಟ್ಜರ್ಲೆಂಡ್‌ನಲ್ಲಿ ಇದ್ದಾಗ, ಪರ್ವತಾರೋಹಣದ ಅನುಭವ ಇಲ್ಲದಿದ್ರೂ ಮ್ಯಾಟರ್‌ಹಾರ್ನ್ ಶಿಖರ ಹತ್ತಿದ್ರು. ಆ ಬೆಟ್ಟದ ಕಥೆ ಅವರ ತಲೆಯಲ್ಲಿ ಕೂತುಬಿಡ್ತು. ಅದನ್ನ ಮೊದಲು ಹತ್ತಿದ ಎಡ್ವರ್ಡ್ ವಿಂಪರ್, ಇಟಲಿ ಕಡೆಯಿಂದ ಸಲ ಸಲ ಸೋತು, 1865ರಲ್ಲಿ ಸ್ವಿಸ್ ಕಡೆಯಿಂದ ಹೋಗಿ ಗೆದ್ದಿದ್ದ.

ಜೆನ್ಸನ್ ತಮ್ಮ ಕೆಲಸದಲ್ಲೂ ಅದನ್ನೇ ಮಾಡಿದ್ರು. ಆಗ ಎಲ್ಲರೂ ಕೇಳ್ತಿದ್ದ ಪ್ರಶ್ನೆ "ಈಸ್ಟ್ರೋಜನ್ ಹಾರ್ಮೋನ್ ದೇಹಕ್ಕೆ ಏನು ಮಾಡುತ್ತೆ?" ಅಂತ. ಜೆನ್ಸನ್ ಅದನ್ನ ತಿರುಗಿಸಿದ್ರು: "ದೇಹ ಈಸ್ಟ್ರೋಜನ್ನಿಗೆ ಏನು ಮಾಡುತ್ತೆ?"

ಕಂಡುಹಿಡಿಯೋದು ಹೇಗೆ? ಹಾರ್ಮೋನ್ ಪ್ರಮಾಣ ತೀರಾ ತೀರಾ ಕಡಿಮೆ. ಅದಕ್ಕೆ ಅವರು ಮತ್ತು ಹರ್ಬರ್ಟ್ ಜೇಕಬ್ಸನ್ ಸೇರಿ ಟ್ರಿಟಿಯಮ್ ಅನ್ನೋ ವಿಕಿರಣಶೀಲ ಹೈಡ್ರೋಜನ್ ಬಳಸಿ ಈಸ್ಟ್ರೋಜನ್ನಿಗೆ ಗುರುತು ಹಾಕಿದ್ರು. ಅದು ಎಲ್ಲಿ ಹೋದ್ರೂ ಯಂತ್ರ ಪತ್ತೆ ಹಚ್ಚುತ್ತೆ. ಮರಿ ಇಲಿಗಳಿಗೆ ಕೊಟ್ಟು ನೋಡಿದ್ರೆ, ರಕ್ತದಲ್ಲಿ, ಮಾಂಸದಲ್ಲಿ ಬಂದ ಹಾರ್ಮೋನ್ ಬೇಗ ಖಾಲಿ. ಗರ್ಭಕೋಶದಲ್ಲಿ ಮಾತ್ರ ಗಂಟೆಗಟ್ಟಲೆ ಹಾಗೇ ಉಳಿದಿದೆ. ಅಂದ್ರೆ ಅಲ್ಲಿ ಏನೋ ಅದನ್ನ ಹಿಡಿದಿಟ್ಕೊಂಡಿದೆ.

ಆ ಹಿಡಿದಿಟ್ಕೊಳ್ಳೋ ಪ್ರೋಟೀನ್ ಹೆಸರೇ ರಿಸೆಪ್ಟರ್. 1958ರಲ್ಲಿ ವಿಯೆನ್ನಾದಲ್ಲಿ ನಡೆದ ದೊಡ್ಡ ಸಮ್ಮೇಳನದಲ್ಲಿ ಜೆನ್ಸನ್ ಇದನ್ನ ಹೇಳಿದಾಗ ಎದುರು ಕೂತಿದ್ದವರು ಬೆರಳೆಣಿಕೆಯಷ್ಟು ಜನ. ಈಸ್ಟ್ರೋಜನ್ ಬಗ್ಗೆ ಹಳೇ ಸಿದ್ಧಾಂತದ ಗೋಷ್ಠಿ ಅದೇ ಹೊತ್ತಿಗೆ ಇನ್ನೊಂದು ಸಭಾಂಗಣದಲ್ಲಿ ತುಂಬಿ ತುಳುಕ್ತಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಈ ರಿಸೆಪ್ಟರ್‌ಗಳಿಗೆ 'ನ್ಯೂಕ್ಲಿಯರ್ ರಿಸೆಪ್ಟರ್' ಅಂತಾರೆ. ನ್ಯೂಕ್ಲಿಯರ್ ಅಂದ ತಕ್ಷಣ ನನಗೆ ನೆನಪಾಗಿದ್ದು ಪೋಖ್ರಾನ್! ಅದಲ್ಲ. ನ್ಯೂಕ್ಲಿಯಸ್ ಅಂದ್ರೆ ಜೀವಕೋಶದ ಕೇಂದ್ರ, ನಮ್ಮ ಡಿಎನ್‌ಎ ಇರೋ ಜಾಗ.

ಒಂದು ಆಫೀಸು ಅಂದ್ಕೊಳ್ಳಿ. ಹೆಚ್ಚಿನ ಪತ್ರಗಳು ಗೇಟ್ ಹತ್ರ ಸೆಕ್ಯೂರಿಟಿ ಕೈಗೆ ಬರ್ತವೆ. ಅವನು ಒಳಗೆ ಒಬ್ಬರಿಗೆ ಹೇಳ್ತಾನೆ, ಅವರು ಇನ್ನೊಬ್ಬರಿಗೆ. ಇನ್ಸುಲಿನ್ ಥರದ ಹಾರ್ಮೋನ್ ಕೆಲಸ ಮಾಡೋದು ಹಾಗೆ. ಆದರೆ ಈಸ್ಟ್ರೋಜನ್, ಕಾರ್ಟಿಸೋಲ್, ವಿಟಮಿನ್ ಡಿ, ಥೈರಾಯ್ಡ್ ಹಾರ್ಮೋನ್ ಇವೆಲ್ಲ ಗೇಟ್ ದಾಟಿ ಸೀದಾ ಒಳಗೆ ಹೋಗ್ತವೆ. ಅಲ್ಲಿ ಅವುಗಳ ರಿಸೆಪ್ಟರ್ ಕಾಯ್ತಿರುತ್ತೆ. ಹಾರ್ಮೋನ್ ಬಂದು ಕೂತ ತಕ್ಷಣ ರಿಸೆಪ್ಟರ್ ತನ್ನ ಆಕಾರ ಬದಲಾಯಿಸಿ, ಡಿಎನ್‌ಎ ಮೇಲೆ ಕೂತು, "ಈ ಜೀನ್ ಆನ್ ಮಾಡಿ" ಅಂತ ಆರ್ಡರ್ ಕೊಡುತ್ತೆ. ನಮ್ಮ ದೇಹದಲ್ಲಿ ಇಂಥವು 48 ಬಗೆ ಇವೆ. ಸ್ತನದ ಜೀವಕೋಶದಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಕೊಡೋ ಆರ್ಡರ್ ಸಾಮಾನ್ಯವಾಗಿ ಒಂದೇ: ಬೆಳಿ.

ಈಗ ಬೀಟ್ಸನ್ ಕಾಲದ ಒಗಟಿಗೆ ವಾಪಸ್ ಬನ್ನಿ. ಕೆಲವು ಗೆಡ್ಡೆಗಳ ಜೀವಕೋಶದಲ್ಲಿ ಈ ರಿಸೆಪ್ಟರ್ ತುಂಬಿ ತುಳುಕ್ತಿದೆ, ಕೆಲವದರಲ್ಲಿ ಇಲ್ಲವೇ ಇಲ್ಲ. ರಿಸೆಪ್ಟರ್ ಇಲ್ಲದ ಗೆಡ್ಡೆಗೆ ಈಸ್ಟ್ರೋಜನ್ ಇದ್ರೆಷ್ಟು ಹೋದ್ರೆಷ್ಟು? 1970ರ ದಶಕದ ಶುರುವಿನಲ್ಲಿ ಜೆನ್ಸನ್ ಇದನ್ನ ರೋಗಿಗಳಲ್ಲೇ ತೋರಿಸಿದ್ರು. ರಿಸೆಪ್ಟರ್ ಇದ್ದವರಲ್ಲಿ ಎಲ್ಲರಿಗೂ ಅಲ್ಲದಿದ್ರೂ ಬಹಳ ಜನಕ್ಕೆ ಹಾರ್ಮೋನ್ ಚಿಕಿತ್ಸೆ ಫಲ ಕೊಡುತ್ತೆ. ಇಲ್ಲದವರಿಗೆ ಹೆಚ್ಚುಕಡಿಮೆ ಕೊಡೋದೇ ಇಲ್ಲ. ಸುಮ್ಮಸುಮ್ಮನೆ ಹೊಟ್ಟೆ ಕೊಯ್ಯೋದು ಅಲ್ಲಿಂದ ನಿಂತಿತು.

ಚಿಕ್ಕಮ್ಮನ ರಿಪೋರ್ಟ್‌ನಲ್ಲಿ "ಇಆರ್ ಪಾಸಿಟಿವ್" ಅಂತ ಇತ್ತು. ಅದನ್ನ ನೋಡಿ ಮನೆಯಲ್ಲಿ ಎಲ್ಲರೂ ಅತ್ತಿದ್ವಿ. ಪಾಸಿಟಿವ್ ಅಂದ್ರೆ ಕೆಟ್ಟದ್ದು ಅಂತ ಕೋವಿಡ್ ನಮಗೆ ಕಲಿಸಿತ್ತಲ್ಲ! ಇಲ್ಲಿ ಅದರರ್ಥ, ಈ ಗೆಡ್ಡೆಗೆ ಈಸ್ಟ್ರೋಜನ್ ರಿಸೆಪ್ಟರ್ ಇದೆ, ಅದನ್ನ ಗುರಿ ಇಡೋ ಮಾತ್ರೆ ಇದೆ ಅಂತ. ಆ ಒಂದು ಸಾಲು ಜೆನ್ಸನ್ ಕೊಟ್ಟಿದ್ದು. ಅದನ್ನ ನಮಗೆ ಆವತ್ತು ಯಾರೂ ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಫೇಲಾದ ಗರ್ಭನಿರೋಧಕ

ಈಗ ಮಾತ್ರೆ ಕಥೆ. ಇದು ನನ್ನಂಥ ಕಾಮರ್ಸ್ ಹುಡುಗರಿಗೆ ಇಷ್ಟ ಆಗೋ ಭಾಗ.

1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಔಷಧಿ ಕಂಪನಿಗಳಿಗೆಲ್ಲ ಆ ಮಾರುಕಟ್ಟೆ ಮೇಲೆ ಕಣ್ಣು. ಇಂಗ್ಲೆಂಡ್‌ನ ಐಸಿಐ ಕಂಪನಿಗೂ ಅಷ್ಟೇ. ಚೆಷೈರ್‌ನ ಆಲ್ಡರ್ಲಿ ಪಾರ್ಕ್‌ನಲ್ಲಿದ್ದ ಅವರ ಪ್ರಯೋಗಾಲಯದಲ್ಲಿ ಆರ್ಥರ್ ವಾಲ್‌ಪೋಲ್ ತಂಡ ಹೊಸ ಬಗೆಯ ಗರ್ಭನಿರೋಧಕ ಹುಡುಕ್ತಿತ್ತು. 1962ರಲ್ಲಿ ತಂಡದ ರಸಾಯನ ವಿಜ್ಞಾನಿ ಡೋರಾ ರಿಚರ್ಡ್‌ಸನ್ ಒಂದು ಹೊಸ ವಸ್ತು ತಯಾರಿಸಿದ್ರು. ಅದಕ್ಕೆ ಹೆಸರಿಲ್ಲ, ನಂಬರ್ ಮಾತ್ರ: ಐಸಿಐ 46,474.

ಇದರಲ್ಲೊಂದು ಕಷ್ಟ ಇತ್ತು. ಈ ಅಣು ಎರಡು ರೂಪದಲ್ಲಿ ಬರುತ್ತೆ, ಎಡಗೈ ಬಲಗೈ ಥರ ಅಂದ್ಕೊಳ್ಳಿ. ಪರಮಾಣುಗಳು ಅವೇ, ಜೋಡಣೆ ಬೇರೆ. ಇಲಿಗಳಲ್ಲಿ ಒಂದು ರೂಪ ಈಸ್ಟ್ರೋಜನ್ ಥರ ಕೆಲಸ ಮಾಡುತ್ತೆ, ಇನ್ನೊಂದು ಈಸ್ಟ್ರೋಜನ್ನಿಗೆ ಅಡ್ಡ ನಿಲ್ಲುತ್ತೆ! ಎರಡನ್ನೂ ಬೇರ್ಪಡಿಸದೆ ಹೋದ್ರೆ ಫಲಿತಾಂಶ ಅಯೋಮಯ. ಬೇರ್ಪಡಿಸೋ ಕೆಲಸ ಡೋರಾ ಮಾಡಿದ್ರು. 1966ರಲ್ಲಿ ಮೈಕೆಲ್ ಹಾರ್ಪರ್ ಮತ್ತು ವಾಲ್‌ಪೋಲ್ ಈ ಎರಡು ರೂಪಗಳ ವಿರುದ್ಧ ಗುಣಗಳನ್ನ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ರು.

ಇಲಿಗಳಲ್ಲಿ ಗರ್ಭ ತಡೆಯೋದ್ರಲ್ಲಿ ಇದು ಸೂಪರ್. ಆದರೆ ಹೆಂಗಸರಲ್ಲಿ? ಉಲ್ಟಾ! ಅಂಡಾಣು ಬಿಡುಗಡೆ ಆಗೋದಕ್ಕೇ ಸಹಾಯ ಮಾಡ್ತು. ಮಕ್ಕಳಾಗದವರಿಗೆ ಕೊಡಬಹುದಾದ ಔಷಧಿ ಅದು. ಗರ್ಭನಿರೋಧಕ ಅಂತ ಹೊರಟ ಪ್ರಾಜೆಕ್ಟ್ ಅಲ್ಲಿಗೆ ಫೇಲ್.

ಆದರೆ ವಾಲ್‌ಪೋಲ್ ಮನಸ್ಸು ಮೊದಲಿಂದಲೂ ಕ್ಯಾನ್ಸರ್ ಕಡೆ ಇತ್ತು. 1940ರ ದಶಕದಲ್ಲೇ ಅವರು ಮ್ಯಾಂಚೆಸ್ಟರ್‌ನ ಕ್ರಿಸ್ಟಿ ಆಸ್ಪತ್ರೆಯ ಈಡಿತ್ ಪ್ಯಾಟರ್‌ಸನ್ ಜೊತೆ ಸ್ತನ ಕ್ಯಾನ್ಸರ್ ಮತ್ತು ಹಾರ್ಮೋನ್ ಬಗ್ಗೆ ಕೆಲಸ ಮಾಡಿದ್ರು. ಈಗ ಅದೇ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಮತ್ತು ಸಂಗಡಿಗರು ಈ ವಸ್ತುವನ್ನ ಕಾಯಿಲೆ ಮುಂದುವರಿದಿದ್ದ 46 ಹೆಂಗಸರಿಗೆ ಕೊಟ್ಟು ನೋಡಿದ್ರು. ಹತ್ತು ಜನಕ್ಕೆ ಒಳ್ಳೇ ಪರಿಣಾಮ. ಇದು ಪ್ರಕಟವಾಗಿದ್ದು 1971ರಲ್ಲಿ.

46ಕ್ಕೆ 10. ಡಾಕ್ಟರ್‌ಗಳಿಗೆ ಇದು ಆಸೆ ಹುಟ್ಟಿಸೋ ಸಂಖ್ಯೆ, ಯಾಕಂದ್ರೆ ಆಗ ಬಳಸ್ತಿದ್ದ ಹಾರ್ಮೋನ್‌ಗಳಿಗಿಂತ ಇದರ ತೊಂದರೆ ಕಡಿಮೆ. ಲೆಕ್ಕದವರಿಗೆ? ಕೊನೇ ಹಂತದ ರೋಗಿಗಳು, ಅದರಲ್ಲೂ ಕೆಲವರಿಗೆ ಮಾತ್ರ, ಅದೂ ಸ್ವಲ್ಪ ಕಾಲ. ಮಾರಾಟ ಎಷ್ಟಾಗುತ್ತೆ? ಖರ್ಚು ಹುಟ್ಟಲ್ಲ ಅನ್ನೋ ಮಾತು ಕಂಪನಿಯೊಳಗೆ ಬಂತು, ಕೈಬಿಡೋ ಚರ್ಚೆ ಆಯ್ತು. ವಾಲ್‌ಪೋಲ್ ಬಗ್ಗಲಿಲ್ಲ. 1973ರಲ್ಲಿ ಬ್ರಿಟನ್ನಿನಲ್ಲಿ ಮಾತ್ರೆ 'ನಾಲ್ವಡೆಕ್ಸ್' ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದೇ ಟ್ಯಾಮಾಕ್ಸಿಫೆನ್.

ಆ ಕಂಪನಿಯ ಸ್ಪ್ರೆಡ್‌ಶೀಟ್ ಮುಂದೆ ನಾನು ಕೂತಿದ್ರೆ ಏನು ಮಾಡ್ತಿದ್ದೆ? ನಿಜ ಹೇಳ್ತೀನಿ, ಪ್ರಾಜೆಕ್ಟ್ ಮುಚ್ಚಿ ಅಂತಲೇ ಬರೀತಿದ್ದೆ. ನನ್ನ ಹತ್ರ ಇರ್ತಿದ್ದ ಸಂಖ್ಯೆಗಳೆಲ್ಲ ಅದನ್ನೇ ಹೇಳ್ತಿದ್ದವು.

ಇಲಿಗಳು ಕೊಟ್ಟ ಉತ್ತರ

ಕೊನೇ ಹಂತದ ರೋಗಿಗಳ ಮಾತ್ರೆ, ಚಿಕ್ಕಮ್ಮನಂಥ "ಚೆನ್ನಾಗೇ ಇದೀನಲ್ಲ" ಅನ್ನೋರ ಮಾತ್ರೆ ಆಗಿದ್ದು ಹೇಗೆ? ಇಲ್ಲಿ ಬರ್ತಾರೆ ಕ್ರೇಗ್ ಜೋರ್ಡನ್. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇವರು ಪಿಎಚ್‌ಡಿ ಮಾಡಿದ್ದೇ ಇಂಥ ಫೇಲಾದ ಗರ್ಭನಿರೋಧಕ ವಸ್ತುಗಳ ಮೇಲೆ. ಅದನ್ನ ಪರೀಕ್ಷೆ ಮಾಡೋಕೆ ಬಂದವರು ವಾಲ್‌ಪೋಲ್. ಆಮೇಲೆ ಜೋರ್ಡನ್ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಫೌಂಡೇಶನ್‌ಗೆ ಹೋದಾಗ ಐಸಿಐ ಅವರ ಸಂಶೋಧನೆಗೆ ನೆರವು ಕೊಟ್ಟಿತು.

ಜೋರ್ಡನ್ ಇಲಿಗಳಿಗೆ ಸ್ತನ ಕ್ಯಾನ್ಸರ್ ತರಿಸೋ ರಾಸಾಯನಿಕ ಕೊಟ್ಟು, ಗೆಡ್ಡೆ ಕಾಣಿಸೋದಕ್ಕೆ ಮುಂಚೆಯೇ ಟ್ಯಾಮಾಕ್ಸಿಫೆನ್ ಶುರು ಮಾಡಿದ್ರು. ಸ್ವಲ್ಪ ದಿನ ಕೊಟ್ಟು ನಿಲ್ಲಿಸಿದ ಇಲಿಗಳಲ್ಲಿ ಗೆಡ್ಡೆ ತಡವಾಗಿ ಬಂತು, ಆದರೆ ಬಂತು. ದೀರ್ಘಕಾಲ ಕೊಟ್ಟ ಇಲಿಗಳಲ್ಲಿ ಹೆಚ್ಚಿನವಕ್ಕೆ ಬರಲೇ ಇಲ್ಲ.

ನಾನು ಇದನ್ನ ಓದಿದ್ದು ರಾತ್ರಿ ಹನ್ನೊಂದರ ಮೇಲೆ. ಓದಿ ಫೋನ್ ಕೆಳಗಿಟ್ಟೆ. ಚಿಕ್ಕಮ್ಮ ಕೇಳಿದ "ಇನ್ಯಾಕೋ ಅದು?" ಪ್ರಶ್ನೆಗೆ ಉತ್ತರ ಇದೇ.

ಆಪರೇಷನ್ನಲ್ಲಿ ಗೆಡ್ಡೆ ತೆಗೀತಾರೆ. ಆದರೆ ಯಾವ ಸ್ಕ್ಯಾನಿಗೂ ಕಾಣದ ಕೆಲವು ಜೀವಕೋಶ ದೇಹದಲ್ಲಿ ಎಲ್ಲೋ ಉಳಿದಿರಬಹುದು. ರಿಸೆಪ್ಟರ್‌ಗೆ ಒಂದು ಕುರ್ಚಿ ಇದೆ ಅಂದ್ಕೊಳ್ಳಿ. ಈಸ್ಟ್ರೋಜನ್ ಅದರಲ್ಲಿ ಕೂತ್ರೆ ಆ ಜೀವಕೋಶಕ್ಕೆ "ಬೆಳಿ" ಅನ್ನೋ ಆರ್ಡರ್ ಹೋಗುತ್ತೆ. ಟ್ಯಾಮಾಕ್ಸಿಫೆನ್ ಹೋಗಿ ಮೊದಲೇ ಆ ಕುರ್ಚಿಯಲ್ಲಿ ಕೂತುಬಿಡುತ್ತೆ. ಅದರ ಅಣುವಿಗೆ ಒಂದು ಉದ್ದನೆ ಬಾಲ ಇದೆ. ಆ ಬಾಲ ರಿಸೆಪ್ಟರ್‌ನ ಒಂದು ಭಾಗವನ್ನ ಪಕ್ಕಕ್ಕೆ ತಳ್ಳಿ, ಆರ್ಡರ್ ಹೋಗದ ಹಾಗೆ ಮಾಡುತ್ತೆ. 1998ರಲ್ಲಿ ವಿಜ್ಞಾನಿಗಳು ಇದರ ಪರಮಾಣು ಮಟ್ಟದ ಚಿತ್ರವನ್ನೇ ತೆಗೆದು ತೋರಿಸಿದ್ರು. ಮಾತ್ರೆ ನಿಲ್ಲಿಸಿದ್ರೆ? ಕುರ್ಚಿ ಖಾಲಿ. ಜಾತ್ರೆ ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಟವೆಲ್ ತೆಗೆದ್ರೆ ಯಾರಾದ್ರೂ ಬಂದು ಕೂತ್ಕೋತಾರೆ.

ಮನುಷ್ಯರಲ್ಲಿ ಇದು ನಿಜವಾ ಅಂತ ನೋಡೋಕೆ ದಶಕಗಳೇ ಹಿಡಿದವು. ಮೊದಲು ಒಂದು ವರ್ಷ ಕೊಟ್ರು, ಆಮೇಲೆ ಎರಡು, ಆಮೇಲೆ ಐದು. ಹತ್ತಾರು ಪ್ರಯೋಗಗಳ ಸಾವಿರಾರು ಹೆಂಗಸರ ಲೆಕ್ಕವನ್ನ ಆಕ್ಸ್‌ಫರ್ಡ್‌ನಲ್ಲಿ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ್ರು. ರಿಸೆಪ್ಟರ್ ಇರೋ ಕ್ಯಾನ್ಸರ್‌ನಲ್ಲಿ ಐದು ವರ್ಷ ಮಾತ್ರೆ ತಗೊಂಡವರಿಗೆ, ಆ ಕಾಯಿಲೆಯಿಂದ ಸಾಯೋ ಪ್ರಮಾಣ ಮೊದಲ 15 ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದು ವರ್ಷ ತಗೊಂಡ ಮಾತ್ರೆ ಹದಿನೈದು ವರ್ಷ ಕಾಯುತ್ತೆ. ರಿಸೆಪ್ಟರ್ ಇಲ್ಲದವರಿಗೆ ಪ್ರಯೋಜನ ಇಲ್ಲ. ಬಾಯ್ಡ್ 1900ರಲ್ಲಿ ಕಂಡ ಒಗಟಿನ ಪೂರ್ತಿ ಲೆಕ್ಕ ಸಿಕ್ಕಿದ್ದು ಹೀಗೆ.

ವಾಲ್‌ಪೋಲ್ ಇದ್ಯಾವುದನ್ನೂ ನೋಡಲಿಲ್ಲ. ಅವರು ತೀರಿಕೊಂಡಿದ್ದು 1977ರ ಜುಲೈನಲ್ಲಿ. ಅಮೆರಿಕದಲ್ಲಿ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಡೋರಾ ರಿಚರ್ಡ್‌ಸನ್ ಹೆಸರು ಎಷ್ಟೋ ಕಾಲ ಹೆಚ್ಚು ಜನಕ್ಕೆ ಗೊತ್ತೇ ಇರಲಿಲ್ಲ. ಜೆನ್ಸನ್‌ಗೆ 2004ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ಪಿಯೆರ್ ಶಾಂಬೋನ್ ಮತ್ತು ರೊನಾಲ್ಡ್ ಇವಾನ್ಸ್ ಜೊತೆ. ಈ ರಿಸೆಪ್ಟರ್‌ಗಳೆಲ್ಲ ಒಂದೇ ದೊಡ್ಡ ಕುಟುಂಬ ಅಂತ ತೋರಿಸಿದವರು ಇವರು. ಕೋವಿಡ್ ಕಾಲದಲ್ಲಿ ಜೀವ ಉಳಿಸಿದ ಡೆಕ್ಸಾಮೆಥಾಸೋನ್, ನಿಮ್ಮ ಮನೆಯಲ್ಲಿ ಯಾರೋ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋ ಥೈರಾಯ್ಡ್ ಮಾತ್ರೆ, ಎರಡೂ ಕೆಲಸ ಮಾಡೋದು ಇದೇ ಕುಟುಂಬದ ಬೇರೆ ಬೇರೆ ಸದಸ್ಯರ ಮೇಲೆ.

ವಾಟ್ಸಾಪ್ ಹೇಳಿದ ಅರ್ಧ ಸತ್ಯ

ಇನ್ನೊಂದು ವಿಷಯ ಮುಚ್ಚಿಡಲ್ಲ. ಚಿಕ್ಕಮ್ಮ ಮಾತ್ರೆ ಬಿಟ್ಟಿದ್ದು ಸೋಮಾರಿತನಕ್ಕಲ್ಲ. ರಾತ್ರಿ ಇದ್ದಕ್ಕಿದ್ದ ಹಾಗೆ ಮೈ ಬಿಸಿ ಆಗಿ, ಬೆವರಿ, ಎದ್ದು ಕೂರ್ತಿದ್ರು. ಅದನ್ನ ಯಾರ ಹತ್ರ ಹೇಳೋದು? ಅಷ್ಟರಲ್ಲಿ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ರು, "ಈ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತೆ" ಅಂತ.

ಸುಳ್ಳು ಸುದ್ದಿ ಅಂತ ಬೈಯೋಕೆ ಹೋದೆ. ಹುಡುಕಿ ನೋಡಿದ್ರೆ ಪೂರ್ತಿ ಸುಳ್ಳಲ್ಲ! ಇದೇ ಟ್ಯಾಮಾಕ್ಸಿಫೆನ್ ಗರ್ಭಕೋಶದಲ್ಲಿ ಅಡ್ಡ ನಿಲ್ಲೋ ಬದಲು ಸ್ವಲ್ಪ ಮಟ್ಟಿಗೆ ಈಸ್ಟ್ರೋಜನ್ ಥರವೇ ನಡ್ಕೊಳ್ಳುತ್ತೆ. ಕಾರಣ, ರಿಸೆಪ್ಟರ್ ಒಂದೇ ಆದ್ರೂ ಅದರ ಜೊತೆ ಕೆಲಸ ಮಾಡೋ ಸಹಾಯಕ ಪ್ರೋಟೀನ್‌ಗಳು ಅಂಗದಿಂದ ಅಂಗಕ್ಕೆ ಬೇರೆ. ಹಾಗಾಗಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚುತ್ತೆ, ಮುಖ್ಯವಾಗಿ ಮುಟ್ಟು ನಿಂತವರಲ್ಲಿ. ರಕ್ತ ಹೆಪ್ಪುಗಟ್ಟೋ ಅಪಾಯವೂ ಇದೆ. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನ ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಎರಡೂ ನಿಜ. ರಿಸೆಪ್ಟರ್ ಇರೋ ಸ್ತನ ಕ್ಯಾನ್ಸರ್ ಬಂದವರಿಗೆ ಲಾಭದ ಕಡೆ ತಕ್ಕಡಿ ತುಂಬಾ ಭಾರ, ಅದಕ್ಕೇ ಕೊಡ್ತಾರೆ. ವಾಟ್ಸಾಪ್ ಮೆಸೇಜ್ ನಷ್ಟದ ಕಾಲಂ ಮಾತ್ರ ತೋರಿಸಿತ್ತು. ಒಂದೇ ಕಾಲಂ ನೋಡಿ ಬ್ಯಾಲೆನ್ಸ್ ಶೀಟ್ ಓದಬಾರದು ಅಂತ ನಮಗೆ ಫಸ್ಟ್ ಇಯರ್‌ನಲ್ಲೇ ಹೇಳಿಕೊಟ್ಟಿದ್ರು.

ದುಡ್ಡಿನ ಮಾತು ಒಂದೇ ನಿಮಿಷ. ಅಮೆರಿಕದಲ್ಲಿ ಇದರ ಪೇಟೆಂಟ್ ಅರ್ಜಿ ವರ್ಷಗಟ್ಟಲೆ ತಿರಸ್ಕೃತ ಆಗಿ, ಕೊನೆಗೆ ಸಿಕ್ಕಿದ್ದು 1985ರಲ್ಲಿ. ಬೇರೆ ದೇಶಗಳಲ್ಲಿ ಪೇಟೆಂಟ್ ಮುಗಿಯೋ ಹೊತ್ತಿಗೆ ಅಲ್ಲಿ ಶುರುವಾಯ್ತು! ಭಾರತದಲ್ಲಿ 1970ರ ಪೇಟೆಂಟ್ ಕಾಯ್ದೆ ಔಷಧಿಯ ಮೇಲೆಯೇ ಪೇಟೆಂಟ್ ಕೊಡ್ತಿರಲಿಲ್ಲ, ತಯಾರಿಸೋ ವಿಧಾನಕ್ಕೆ ಮಾತ್ರ. 2005ರವರೆಗೂ ಹಾಗೇ ಇತ್ತು. ಹಾಗಾಗಿ ನಮ್ಮ ಕಂಪನಿಗಳು ಇಂಥ ಔಷಧಿಗಳನ್ನ ಅಗ್ಗವಾಗಿ ತಯಾರಿಸೋದು ಕಲಿತವು. ಇವತ್ತು ಒಂದು ಮಾತ್ರೆಗೆ ಹೋಟೆಲ್ ಕಾಫಿಗಿಂತ ಕಡಿಮೆ ದುಡ್ಡು. ಚಿಕ್ಕಮ್ಮ ಮಾತ್ರೆ ಬಿಡೋಕೆ ದುಡ್ಡು ಕಾರಣ ಆಗಿರಲಿಲ್ಲ. ಯಾಕೆ ತಗೋಬೇಕು ಅನ್ನೋದು ಗೊತ್ತಿಲ್ಲದಿದ್ದದ್ದೇ ಕಾರಣ.

ಆಮೇಲೆ ಏನಾಯ್ತು? ಆ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿ ಬಸ್ ಸೀಟು, ಟವೆಲ್, ಇಲಿ ಎಲ್ಲ ಹೇಳಿದೆ. ಅವರು ಸುಮ್ನೆ ಕೇಳಿಸ್ಕೊಂಡು, "ಇದನ್ನ ಆವತ್ತೇ ಹೇಳಿದ್ರೆ ಆಗ್ತಿತ್ತಲ್ಲೋ" ಅಂದ್ರು. ನನ್ನ ಹತ್ರ ಮಾತಿರಲಿಲ್ಲ. ಆ ವಾರವೇ ಇಬ್ಬರೂ ಡಾಕ್ಟರ್ ಹತ್ರ ಹೋದ್ವಿ. ಡಾಕ್ಟರ್ ಬೈಯಲಿಲ್ಲ. ರಾತ್ರಿ ಬೆವರೋದಕ್ಕೆ ದಾರಿ ಇದೆ ಅಂದ್ರು, ಬೇರೆ ಯಾವ ಮಾತ್ರೆ ತಗೋತೀರಿ ಅಂತ ಕೇಳಿ ಬರ್ಕೊಂಡ್ರು, ಯಾಕಂದ್ರೆ ಖಿನ್ನತೆಗೆ ಕೊಡೋ ಕೆಲವು ಔಷಧಿ ಟ್ಯಾಮಾಕ್ಸಿಫೆನ್ ಕೆಲಸ ಕೆಡಿಸಬಹುದು. ಮುಟ್ಟಿನಲ್ಲಿ ಏರುಪೇರಾದ್ರೆ, ಹೊತ್ತಲ್ಲದ ಹೊತ್ತಲ್ಲಿ ರಕ್ತಸ್ರಾವ ಆದ್ರೆ ತಕ್ಷಣ ಬನ್ನಿ ಅಂದ್ರು. ಮಾತ್ರೆ ಮತ್ತೆ ಶುರುವಾಯ್ತು. ನಡುವೆ ಬಿಟ್ಟ ತಿಂಗಳುಗಳಿಂದ ಏನಾದ್ರೂ ಆಗಿದೆಯಾ? ಅದು ಯಾರಿಗೂ ಗೊತ್ತಾಗಲ್ಲ. ಆ ಭಯ ನನಗೆ ಈಗಲೂ ಇದೆ.

ಈ ವರ್ಷದ ಕವರ್ ಹೋದ ವಾರ ಬಂತು. ಮತ್ತೆ ತಿಂಗಳ ಪ್ರಕಾರ ಜೋಡಿಸಿದೆ. ಹನ್ನೆರಡು ತಿಂಗಳಲ್ಲಿ ಒಂದು ತಿಂಗಳದ್ದು ಇರಲಿಲ್ಲ, ಎದೆ ಧಸಕ್ ಅಂತು. ಫೋನ್ ಮಾಡಿದೆ. "ಅಯ್ಯೋ, ಮಾತ್ರೆ ತಗೊಂಡೆ ಕಣೋ, ಬಿಲ್ಲು ತರಕಾರಿ ಚೀಲದಲ್ಲಿ ಹೋಯ್ತು" ಅಂದ್ರು.

ಆ ಬಿಲ್ಲಿನ ಕ್ಲೇಮ್ ಹೋಯ್ತು. ಹೋಗ್ಲಿ ಬಿಡಿ.

ನಿಮ್ಮ ಮನೆಯಲ್ಲೂ ಯಾರಾದ್ರೂ ಇಂಥ ಮಾತ್ರೆ ತಗೋತಿದ್ರೆ ಇವತ್ತೊಂದು ಸಲ ಕೇಳಿ, "ತಗೋತಿದ್ದೀರಾ? ತಗೊಂಡ್ರೆ ಏನಾದ್ರೂ ತೊಂದರೆ ಆಗ್ತಿದೆಯಾ?" ಅಂತ. ಎರಡನೇ ಪ್ರಶ್ನೆ ಮರೀಬೇಡಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ. ನಮಸ್ಕಾರ.